ಮುಚ್ಚಳವಿಲ್ಲದ ಕಾರಿನಲ್ಲಿ ರಾಯಚೂರಿಗೆ

ಕೂಕಟ್‌ಪಲ್ಲಿ, ಹೈದರಾಬಾದ್
11 ಡಿಸೆಂಬರ್ 2024, ಬುಧವಾರ

ಮುದ್ದಿನ ಶ್ರೀವಿದ್ಯಾಳಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಬೆನ್ನುನೋವು ಕಡಿಮೆಯಾಯಿತೇ? ಮೊನ್ನೆ ವಿಡಿಯೋ ಕರೆಯಲ್ಲಿ ನಿನ್ನ ಕಣ್ಣಿನ ಕೆಳಗೆ ಕಪ್ಪು ಕಂಡಿತು. ಅದು ಫೋನಿನ ದೋಷ ಎಂದಳು ನಿನ್ನ ಅಮ್ಮ, ನಿದ್ದೆಯ ದೋಷ ಎಂದೆ ನಾನು. ಪುಟ್ಟ ಭಕ್ತಿಗೆ ಮೂರು ತಿಂಗಳು ತುಂಬಿ ಎರಡು ದಿನವಾಯಿತು. ತೂಕ ಐದು ಕಿಲೋ ನಾನೂರು ಗ್ರಾಂ ಎಂದು ಅಳಿಯ ನಚಿಕೇತ ತಿಳಿಸಿದ್ದಾನೆ. ಯಾವ ತಕ್ಕಡಿ, ಬಟ್ಟೆ ಸಹಿತವೋ ರಹಿತವೋ ತಿಳಿಸಿಲ್ಲ. ನಿನ್ನ ಅತ್ತೆಯವರಿಗೆ ನನ್ನ ನಮಸ್ಕಾರ. ನಾವು ಮಾಡಬೇಕಿದ್ದ ಬಾಣಂತನವನ್ನು ಅವರು ಮಾಡಿದರು, ಒಂದು ದಿನವೂ ಅದನ್ನು ಆಡಿ ತೋರಿಸಲಿಲ್ಲ. ನಾವಿಬ್ಬರೂ ಕ್ಷೇಮ.

ಫೋನ್ ಇರುವಾಗ ಕಾಗದ ಏಕೆ ಎಂದು ನೀನು ಕೇಳುತ್ತೀಯ. ನಮ್ಮದು ಎರಡು ಕೋಣೆಯ ಮನೆ, ನನ್ನದು ನಾಲ್ಕು ಕೋಣೆಗೆ ಕೇಳುವ ದನಿ. ಮೆಸೇಜು ಕಳಿಸೋಣವೆಂದರೆ ನನ್ನ ಫೋನನ್ನು ನನಗಿಂತ ಹೆಚ್ಚು ಓದುವವಳು ನಿನ್ನ ಅಮ್ಮ. ಇದು ಅವಳಿಗೆ ತಿಳಿಯದೆ ನಿನಗೆ ಮುಟ್ಟಬೇಕು. ಹಾಗಾಗಿ ಹಾಲು ತರುವ ನೆಪದಲ್ಲಿ ಬಂದು ಅಂಚೆ ಕಚೇರಿಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ.

ದಿನಪತ್ರಿಕೆಗಳು ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಹಾಕುತ್ತವೆ. ನಾನು ಮೊದಲೇ ಹಾಕುತ್ತೇನೆ. ಅಮ್ಮ ನಿನ್ನ ಬಾಣಂತನಕ್ಕೆ ಬಾರದಿರಲು ಮಂಡಿನೋವು ಕಾರಣ ಎಂದು ನಾನು ಹೇಳಿದ್ದು ಸುಳ್ಳು. ಅವಳ ಮಂಡಿ ನನ್ನದಕ್ಕಿಂತ ಗಟ್ಟಿಯಾಗಿದೆ. ದಿನಕ್ಕೆ ನಾಲ್ಕು ಸಲ ಮೂರು ಮಹಡಿ ಹತ್ತಿ ಇಳಿಯುತ್ತಾಳೆ. ಕಳೆದ ವರ್ಷ ಜೂನ್‌ನಲ್ಲಿ ಅವಳು ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಳು, 'ಸ್ವಲ್ಪ ಹೊತ್ತು' ಎಂದು ನಿನಗೆ ಹೇಳಿದ್ದೆವಲ್ಲ, ಆ ಸ್ವಲ್ಪ ಹೊತ್ತು ಎಂದರೆ ಒಂದು ಗಂಟೆ ಐವತ್ತು ನಿಮಿಷ. ಕರೆಂಟು ಹೋಗಿತ್ತು, ಜನರೇಟರು ಕೆಟ್ಟಿತ್ತು, ಒಳಗೆ ಅವಳೊಬ್ಬಳೇ ಇದ್ದಳು. ಆವತ್ತಿನಿಂದ ಅವಳು ಮುಚ್ಚಿದ ಯಾವುದರಲ್ಲೂ ಕೂರಲಾರಳು. ಬಸ್ಸು, ರೈಲು, ಮೆಟ್ರೊ ಯಾವುದೂ ಆಗದು. ಬಾಡಿಗೆ ಕಾರಿನ ನಾಲ್ಕೂ ಕಿಟಕಿ ಇಳಿಸಿ ಮೂರು ಸಲ ಪ್ರಯತ್ನಿಸಿದೆವು. ಮೂರು ಸಲವೂ ಪಕ್ಕದ ಮೂಸಾಪೇಟೆ ದಾಟುವ ಮೊದಲೇ ಬೆವರಿ, ನಡುಗಿ, ಇಳಿದು ಫುಟ್‌ಪಾತಿನ ಮೇಲೆ ಕುಳಿತಳು. ವೈದ್ಯರು ನಿಧಾನವಾಗಿ ಗುಣವಾಗುತ್ತದೆ ಎಂದಿದ್ದಾರೆ. ಆದರೆ ನಿನ್ನ ದಿನಗಳು ನಿಧಾನವಾಗಿ ತುಂಬಲಿಲ್ಲ. ನಿನಗೆ ಪ್ರಯಾಣ ಬೇಡವೆಂದು ರಾಯಚೂರಿನ ಡಾಕ್ಟರು ಹೇಳಿದರು, ಇವಳಿಗೆ ಪ್ರಯಾಣ ಸಾಧ್ಯವಿರಲಿಲ್ಲ. ನಿಜ ತಿಳಿದರೆ ತುಂಬಿದ ಬಸುರಿ ಚಿಂತೆ ಮಾಡುತ್ತಾಳೆ ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಮಗುವಿಗೆ ಹೆಸರಿಟ್ಟ ದಿನ ಅವಳು ಫೋನನ್ನು ಗೋಡೆಗೆ ಆನಿಸಿ, ಅದರ ಮುಂದೆ ರೇಷ್ಮೆ ಸೀರೆಯುಟ್ಟು ಕುಳಿತಿದ್ದಳು. ಕರೆ ಮುಗಿದ ಮೇಲೆಯೂ ಅಲ್ಲಿಯೇ ಕುಳಿತಿದ್ದಳು.

ಅವಳು ಹೆದರದೆ ಹತ್ತುವುದು ಆಟೋ ಒಂದನ್ನೇ. ರಾಯಚೂರಿಗೆ ಆಟೋ ಬರುತ್ತದೆಯೇ ಎಂದು ಸ್ಟ್ಯಾಂಡಿನಲ್ಲಿ ವಿಚಾರಿಸಿದೆ. ಇನ್ನೂರಕ್ಕೂ ಹೆಚ್ಚು ಕಿಲೋಮೀಟರು, ನಡುವೆ ರಾಜ್ಯದ ಗಡಿ. ಚಾಲಕರೆಲ್ಲ ನಕ್ಕು ನನಗೇ ಚಹಾ ಕುಡಿಸಿದರು. ಆಗಸ್ಟ್‌ನಲ್ಲಿ ಒಂದು ದಿನ ದಿಲ್‌ಸುಖ್‌ನಗರದ ಸಿಗ್ನಲಿನಲ್ಲಿ ನಮ್ಮ ಆಟೋದ ಪಕ್ಕ ಒಂದು ತೆರೆದ ಕಾರು ಬಂದು ನಿಂತಿತು. ಎರಡೇ ಸೀಟು, ಚಾವಣಿ ಇಲ್ಲ. ಅಮ್ಮ ಬಗ್ಗಿ ನೋಡಿ, "ಏನ್ರಿ, ಇದಕ್ಕ ಮುಚ್ಚಳಾನ ಇಲ್ಲ! ಇಂಥಾದ್ರಾಗ ಆದ್ರ ನಾ ಕಾಶಿಗೂ ಬರ್ತೀನಿ" ಎಂದಳು. ಅವಳು ತಮಾಷೆಗೆ ಹೇಳಿದಳು. ನಾನು ಕಿಸೆಯಲ್ಲಿದ್ದ ಚೀಟಿಯ ಹಿಂದೆ ಬರೆದುಕೊಂಡೆ.

ಹೊಸ ಸ್ಪೋರ್ಟ್ಸ್ ಕಾರು ನಿವೃತ್ತ ನೌಕರನ ಕೈಗೆ ಎಟುಕುವುದಿಲ್ಲ. ಹಳೆಯದನ್ನು ಹುಡುಕಲು ಮೂರು ತಿಂಗಳು ಹಿಡಿಯಿತು. ಕೊನೆಗೆ ಶಂಶಾಬಾದಿನ ಅಮೋಲ್ ಎಂಬವರ ಶೆಡ್ಡಿನಲ್ಲಿ ಒಂದು ಸಿಕ್ಕಿತು. ಅವರು ಬೀದರಿನ ಕಡೆಯವರು, ಹಳೆಯ ಕಾರು ರಿಪೇರಿ ಮಾಡಿ ಮಾರುತ್ತಾರೆ. ಬಣ್ಣ ನೀಲಿ, 2014ರ ಮಾದರಿ, ಓಡಿದ್ದು ಒಂದು ಲಕ್ಷ ನಲವತ್ತಾರು ಸಾವಿರದ ಮುನ್ನೂರ ಎಂಬತ್ತು ಕಿಲೋಮೀಟರು. ಕಂಪನಿಯ ಹೆಸರು ಬರೆಯುವುದಿಲ್ಲ, ಬರೆದರೆ ನಚಿಕೇತ ಕೂಡಲೇ ಮೊಬೈಲಿನಲ್ಲಿ ಬೆಲೆ ನೋಡುತ್ತಾನೆ.

ರಕ್ಷಣಾ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಗುಣಪರೀಕ್ಷಕನಾಗಿದ್ದವನು ಕಾರನ್ನು ಸುಮ್ಮನೆ ಕೊಳ್ಳುವುದು ಹೇಗೆ? ಅರವತ್ತೆರಡು ಅಂಶಗಳ ಪಟ್ಟಿ ಮಾಡಿದೆ. ಟಾರ್ಚು, ಭೂತಗನ್ನಡಿ, ಕಿಸೆಯಲ್ಲಿ ಒಂದು ಅಯಸ್ಕಾಂತ. ಬಾಗಿಲಿಗೆ ಅದು ಗಟ್ಟಿಯಾಗಿ ಅಂಟದಿದ್ದರೆ ಬಣ್ಣದ ಕೆಳಗೆ ತಗ್ಗು ಮುಚ್ಚಲು ಮೆತ್ತಿದ ಪುಟ್ಟಿ ಇದೆ ಎಂದರ್ಥ. ಮೂರು ಭಾನುವಾರ ಹೋದೆ. ಎಡ ಬಾಗಿಲಿಗೆ ಅಯಸ್ಕಾಂತ ಅಂಟಲಿಲ್ಲ. ಸೀಟಿನ ಚರ್ಮ ಬಿರಿದಿತ್ತು. ಮುಂದಿನ ಎರಡು ಟೈರು ಸವೆದಿದ್ದವು. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ ಗುಂಡಿ ಒತ್ತಿದರೆ ಚಾವಣಿ ತಾನಾಗಿ ಮುಚ್ಚಬೇಕು, ಅದರ ಮೋಟಾರು ಸತ್ತಿತ್ತು. ಇಬ್ಬರು ಎರಡು ಕಡೆ ನಿಂತು ಕೈಯಿಂದ ಎಳೆದರೆ ಮಾತ್ರ ಮುಚ್ಚುತ್ತಿತ್ತು. ಒಟ್ಟು ಹತ್ತೊಂಬತ್ತು ದೋಷಗಳು. ಮೂರನೆಯ ಭಾನುವಾರ ಪಟ್ಟಿ ಕೂಡಿಸಿ ನೋಡಿದವನೇ, ಕಾರ್ಖಾನೆಯ ರೂಢಿಯಂತೆ ಕೆಂಪು ಚೀಟಿಯ ಮೇಲೆ 'ತಿರಸ್ಕೃತ' ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿ ಸ್ಟೀರಿಂಗಿಗೆ ಕಟ್ಟಿಬಿಟ್ಟೆ. ನಾನೇನು ಮಾಡುತ್ತಿದ್ದೇನೆಂದು ನನಗೇ ಹೊಳೆಯಲಿಲ್ಲ, ಕೈ ತನ್ನ ಕೆಲಸ ಮಾಡಿತ್ತು. ಅಮೋಲ್ ಚಹಾ ಹಿಡಿದು ಬಂದವರು ಚೀಟಿ ನೋಡಿ, "ಅರೆ ಕಾಕಾ, ಗಾಡಿ ತಗೊಳ್ಳಾಕ ಬಂದೀರೋ, ಜಪ್ತಿ ಮಾಡ್ಲಾಕ ಬಂದೀರೋ? ನಮ್ಮ ಗಾಡಿಗೇ ಚೀಟಿ ಕಟ್ಲಕತ್ತೀರಲ್ಲ!" ಎಂದರು. ನಾಚಿಕೆಯಾಯಿತು. ಆದರೂ ಬಿಚ್ಚಲಿಲ್ಲ. ಸರ್ವೀಸಿನಲ್ಲಿ ಒಮ್ಮೆ ಕಟ್ಟಿದ್ದನ್ನು ನಾನು ಬಿಚ್ಚಿದವನಲ್ಲ.

ಆ ದಿನ ಅಮ್ಮನೂ ಬಂದಿದ್ದಳು, ಎರಡು ಆಟೋ ಬದಲಿಸಿ. ಶೆಡ್ಡಿನೊಳಗೆ ಬಾರದೆ ಹೊರಗೆ ಬೇವಿನ ಮರದ ಕೆಳಗೆ ಕುಳಿತಿದ್ದಳು. ಅಮೋಲ್ ಕಾರನ್ನು ಹೊರಗೆ ತಂದು ನಿಲ್ಲಿಸಿದರು. ಅವಳು ಚೀಟಿ ಓದಿ ಕಾರಣ ಕೇಳಿದಳು. ಮುಖ್ಯವಾಗಿ ಚಾವಣಿ ತಾನಾಗಿ ಮುಚ್ಚುವುದಿಲ್ಲ ಎಂದೆ. ವಿದ್ಯಾ, ಅವಳ ಮುಖ ನೀನು ನೋಡಬೇಕಿತ್ತು. "ತಾನಾಗೇ ಮುಚ್ಚೂದುಲ್ಲ? ಖರೇನ ಮುಚ್ಚೂದುಲ್ಲ?" ಎಂದು ಎರಡು ಸಲ ಕೇಳಿದಳು. ತಾನೇ ಗುಂಡಿ ಒತ್ತಿ ನೋಡಿದಳು. ಏನೂ ಅಲುಗಲಿಲ್ಲ. "ಮತ್ತ ಇದಕ್ಕ ಯಾಕ ಬ್ಯಾಡ ಅಂತೀರಿ? ಇದಕ್ಕೇ ಅಲ್ಲೇನ್ರಿ ನಾವು ಬಂದದ್ದು!" ಎಂದು ಸೆರಗು ಬಿಗಿದು ಎಡ ಸೀಟಿನಲ್ಲಿ ಕುಳಿತುಬಿಟ್ಟಳು. ಗುಂಡಿ ಒತ್ತಿದರೆ ಮುಚ್ಚುವ, ಕರೆಂಟು ಹೋದರೆ ತೆರೆಯದ ಯಂತ್ರ ಅವಳಿಗೆ ಏನು ಮಾಡಿತ್ತೆಂದು ತಿಳಿದೂ, ಆ ದೋಷವನ್ನು ನಾನು ಮೊದಲ ಸಾಲಿನಲ್ಲಿ ಬರೆದಿದ್ದೆ.

ಚೀಟಿ ನೇತಾಡುತ್ತಿದ್ದಂತೆಯೇ ಹೊರಟೆವು. ಮೊದಲ ಒಂದು ಕಿಲೋಮೀಟರು ಅವಳ ಕಣ್ಣು ಮುಚ್ಚಿತ್ತು, ಎಡಗೈ ಬಾಗಿಲ ಹಿಡಿಯ ಮೇಲಿತ್ತು. ನಾನು ಇಪ್ಪತ್ತರ ವೇಗ ಮೀರಲಿಲ್ಲ. ವಿಮಾನ ನಿಲ್ದಾಣದ ರಸ್ತೆ ಬಂದಾಗ ಒಂದು ವಿಮಾನ ತೀರ ಕೆಳಗೆ ಹಾರಿತು. ಸದ್ದಿಗೆ ಅವಳು ಕಣ್ಣು ತೆರೆದು ಮೇಲೆ ನೋಡಿದಳು. ಮೇಲೆ ಆಕಾಶ ಬಿಟ್ಟು ಮತ್ತೇನೂ ಇರಲಿಲ್ಲ. ಬಾಗಿಲಿನಿಂದ ಕೈ ತೆಗೆದಳು. ತುರುಬು ಬಿಚ್ಚಿತು, ಕಟ್ಟಲಿಲ್ಲ. ಪಕ್ಕದಲ್ಲಿ ಪ್ರವಾಸ ಹೊರಟಿದ್ದ ಕಾಲೇಜು ಬಸ್ಸಿನಿಂದ ಹುಡುಗಿಯರು "ಅಮ್ಮಮ್ಮಾ, ಸೂಪರ್!" ಎಂದು ತೆಲುಗಿನಲ್ಲಿ ಈ ಅಜ್ಜಿಯನ್ನು ಕೂಗಿದಾಗ ಅವಳು ಅವರಿಗೆ ಕೈ ಬೀಸಿದಳು. "ಇನ್ನಷ್ಟು ಜೋರಾಗಿ ಹೊಡೀರಿ, ಎತ್ತಿನ ಬಂಡಿ ಹೊಡ್ಯಾಕತ್ತೀರೇನು?" ಎಂದದ್ದು ಅವಳೇ. ಹದಿನಾರು ಕಿಲೋಮೀಟರು ಹೋಗಿ ಬಂದೆವು. ಒಂದೂವರೆ ವರ್ಷದ ನಂತರ ಅವಳ ಜೋರು ನಗು ನನಗೆ ಕೇಳಿತು.

ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು. ತಿರಸ್ಕರಿಸಿದ ವಸ್ತುವನ್ನು ಬಳಸುವವರೇ ಬಂದು, ದೋಷಗಳನ್ನೆಲ್ಲ ಓದಿ, ಇಷ್ಟಿದ್ದರೂ ನಮಗೆ ಬೇಕು ಎಂದು ಸಹಿ ಮಾಡಿದರೆ ಚೀಟಿ ಬಿಚ್ಚಬಹುದು. ಹಾಗೆ ಬಂದವರನ್ನೆಲ್ಲ ನಾನು ವಾದಿಸಿ ವಾಪಸು ಕಳಿಸಿದ್ದೆ. ಅಮ್ಮ ವಾದಕ್ಕೆ ನಿಲ್ಲಲಿಲ್ಲ. ಬ್ರೇಕು, ಟೈರು, ಸೀಟು ಬೆಲ್ಟು ಸೇರಿ ಜೀವಕ್ಕೆ ಸಂಬಂಧಿಸಿದ ನಾಲ್ಕನ್ನು ಅಮೋಲ್ ಹೊಸದು ಹಾಕಿಕೊಡಬೇಕು, ಉಳಿದ ಹದಿನೈದಕ್ಕೆ ಒಪ್ಪಿಗೆ ಎಂದು ಪಟ್ಟಿಯ ಕೆಳಗೆ 'ಬಳಸುವವರು: ಶೋಭಾ ಜಯತೀರ್ಥ' ಎಂದು ಸಹಿ ಹಾಕಿದಳು. ಚೀಟಿಯ ಗಂಟು ನನಗೆ ಬಿಚ್ಚಲು ಬರಲಿಲ್ಲ. ಕಟ್ಟುವುದೊಂದನ್ನೇ ಕಲಿತಿದ್ದೆ. ಅವಳೇ ಹಲ್ಲಿನಿಂದ ಕಚ್ಚಿ ಹರಿದಳು.

ಕಾರು ಮನೆಗೆ ಬಂದು ಹನ್ನೊಂದು ದಿನವಾಯಿತು. ನಮ್ಮ ವಾಚ್‌ಮನ್ ಮೌನಪ್ಪ ಸುತ್ತು ಹಾಕಿ ನೋಡಿ, "ಸಾಹೇಬ್ರ, ಇದರ ಮ್ಯಾಲಿನ ಸಾಮಾನು ಯಾವಾಗ ಬರ್ತೈತ್ರಿ?" ಎಂದು ಕೇಳಿದ. ಅವನ ಹೆಂಡತಿ ಶಂಕ್ರಮ್ಮ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಾಳೆ. ಕಳೆದ ಭಾನುವಾರ ರಾಯಚೂರಿನ ದಾರಿಯಲ್ಲಿ ಶಾದ್‌ನಗರದವರೆಗೆ ಪರೀಕ್ಷಾರ್ಥ ಹೋಗಿಬಂದೆವು. ನಡುವೆ ಎರಡು ಲಾರಿಗಳ ಮಧ್ಯೆ ಸಿಕ್ಕಾಗ ಅವಳ ಉಸಿರು ಒಮ್ಮೆ ಬಿಗಿಯಿತು. ಬದಿಗೆ ನಿಲ್ಲಿಸಿದೆ. ಆರು ನಿಮಿಷಕ್ಕೆ ಅವಳೇ ನಡೀರಿ ಎಂದಳು. ಪೂರ್ತಿ ಗುಣವಾಗಿದೆ ಎಂದು ನಾನು ಬರೆಯುವುದಿಲ್ಲ, ಅದು ಸತ್ಯವಲ್ಲ. ಆದರೆ ಅವಳು ಬರುತ್ತಿದ್ದಾಳೆ.

ಇದೇ ಭಾನುವಾರ, 15ನೇ ತಾರೀಖು, ಬೆಳಗ್ಗೆ ಆರಕ್ಕೆ ಬಿಡುತ್ತೇವೆ. ಜಡಚರ್ಲಾದಲ್ಲಿ ಇಡ್ಲಿ, ಮಖ್ತಲ್‌ನಲ್ಲಿ ಚಹಾ, ಕೃಷ್ಣಾ ಸೇತುವೆ ದಾಟಿ ಹನ್ನೆರಡರ ಒಳಗೆ ನಿಮ್ಮ ಬಾಗಿಲಿಗೆ. ಅಮ್ಮ ಬಿಸಿಲಿಗೆಂದು ಇಬ್ಬರಿಗೂ ಕುಲಾವಿ ಹೊಲಿದಿದ್ದಾಳೆ. ನನ್ನದಕ್ಕೆ ಹೂವಿನ ಬಟ್ಟೆ ಉಳಿದಿತ್ತಂತೆ, ನಗಬೇಡಿ. ಡಿಕ್ಕಿ ಒಂದು ಟ್ರಂಕಿನಷ್ಟೂ ಇಲ್ಲ. ಅದರಲ್ಲಿ ಅರ್ಧ ಜಾಗ ಬಾಣಂತಿಗೆಂದು ಮಾಡುವ, ಮೂರು ತಿಂಗಳು ತಡವಾದ ಅಂಟಿನುಂಡೆಗೆ ಹೋಗಿದೆ. ಅಮ್ಮ ಸಂಕ್ರಾಂತಿ ಕಳೆಯುವವರೆಗೆ ಅಲ್ಲಿಯೇ ಇರುತ್ತಾಳೆ. ನಾವು ಬರುವುದು ನಿನಗೆ ಗೊತ್ತಿಲ್ಲವೆಂದೇ ಅವಳು ತಿಳಿದಿದ್ದಾಳೆ, ಬೆರಗಾದಂತೆ ಮುಖ ಮಾಡು.

ನಚಿಕೇತನಿಗೆ, ಅತ್ತೆಯವರಿಗೆ ನಮ್ಮಿಬ್ಬರ ನೆನಪುಗಳು. ಭಕ್ತಿಯ ಎರಡೂ ಅಂಗಾಲಿಗೆ ಒಂದೊಂದು ಮುತ್ತು. ನೂರು ಕಾಲ ಸುಖವಾಗಿರಿ.

ಇಂತು ನಿನ್ನ ಅಪ್ಪ,
ಜಯತೀರ್ಥ

ಅವಸರದಲ್ಲಿ: ಸ್ಪೀಡ್ ಪೋಸ್ಟಿನ ಚೀಲ ಕಟ್ಟುತ್ತಿದ್ದಾರೆ, ಬರೆಯಬೇಕಾಗಿದ್ದನ್ನೇ ಬಿಟ್ಟಿದ್ದೆ. ಮೂರು ದಿನದಿಂದ ಅಮ್ಮ ಅಡುಗೆಮನೆಯಲ್ಲಿ ಒಂದು ಮಾತನ್ನು ತನ್ನಷ್ಟಕ್ಕೆ ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದಾಳೆ: "ಹಡೆದಾಕಿ ಆಗಿ ನಿನ್ನ ಹೊತ್ತಿಗೆ ಬರಲಿಲ್ಲವ್ವಾ, ತಪ್ಪಾತು." ಅದನ್ನು ಹೇಳಲು ಬಿಡಬೇಡ. ಕಾರು ನಿಂತ ಕೂಡಲೇ, ಅವಳು ಬಾಗಿಲು ತೆರೆಯುವ ಮೊದಲೇ, ಮಗುವನ್ನು ತಂದು ಮೇಲಿನಿಂದಲೇ ಅವಳ ಮಡಿಲಿಗೆ ಇಳಿಸು.