ಗಾರೆಯ ಹಿಂದಿನ ಕಬ್ಬಿಣ

ಹಲೀನಾ,

ಪಿಯೆರೋಗಿ ಕಡುಬಿಗೆ ಆಲೂಗಡ್ಡೆ ಅರ್ಧ ಸುಲಿದು ನೀರಿನಲ್ಲಿ ಬಿಟ್ಟಿದ್ದೇನೆ, ಉಳಿದದ್ದನ್ನು ನೀನು ಸುಲಿ. ನಿನ್ನ ಭಾವ ಮಲಗಿದ್ದಾರೆ.

ವೈಫೈ ಪೆಟ್ಟಿಗೆ ಚೆಂದವಿಲ್ಲವೆಂದು ಮತ್ತೆ ತಗಡಿನ ಬ್ರೆಡ್ ಡಬ್ಬಿಯಲ್ಲಿ ಮುಚ್ಚಿಡಬೇಡ ತಾಯಿ. ನಿನ್ನೆ ಅವರು ಮಹಡಿಯಲ್ಲಿ ಬಿದ್ದು ಕೈಪಟ್ಟಿಯ ತುರ್ತು ಗುಂಡಿ ಒತ್ತಿದ್ದಾರೆ, ವೈಫೈ ಸಿಗದೆ ನನ್ನ ಫೋನಿಗೆ ಕರೆಯೇ ಬರಲಿಲ್ಲ. ನಾನು ಚರ್ಚಿನಿಂದ ಬಂದಾಗ ನೆಲದ ಮೇಲಿದ್ದರು. "ಕರ್ದೆ ಕಣೇ, ಯಾರೂ ಬರ್ಲಿಲ್ಲ" ಅಂದರು.

ಹೊಸ ವೈಫೈ ಪೆಟ್ಟಿಗೆ ಕೊಳ್ಳಲು ಹೋದಾಗ ಅಂಗಡಿಯವನು ಉದ್ದ ಕೊಂಬುಗಳ ಒಂದೇ ದೊಡ್ಡ ರೂಟರ್ ಹೊಗಳಿದರೆ ಕೇಳಬೇಡ. ಈ ಹಳೇ ಮನೆಯ ಗಾರೆಯ ಹಿಂದೆಲ್ಲ ಕಬ್ಬಿಣದ ಬಲೆ, ಸಿಗ್ನಲ್ ಅದನ್ನು ದಾಟುವುದಿಲ್ಲ. ಮಹಡಿಗೊಂದರಂತೆ ಇಡುವ ಮೂರು ಪೆಟ್ಟಿಗೆಗಳ ಸೆಟ್ಟನ್ನೇ ತಾ. ಒಂದು ಅವರ ಮಂಚದ ಪಕ್ಕದಲ್ಲಿರಲಿ.

ಅವರಿಗೆ ಇನ್ನು ಹೆಚ್ಚು ದಿನವಿಲ್ಲ ಎಂದಿದ್ದಾರೆ ಡಾಕ್ಟರು. ನಮ್ಮ ಮಗಳು ತೆರೇಸಾ ಫೋನ್ ಎತ್ತುವುದಿಲ್ಲ. "ಈಗ್ಲೇ ಯಾಕಕ್ಕಾ, ಸುಮ್ನೆ ಹೆದರ್ತಾಳೆ" ಎಂದು ನೀನು ತಡೆದಿದ್ದ, ಅವಳಿಗೆ ಅಪ್ಪನ ಸ್ಥಿತಿ ತಿಳಿಸುವ ಕಾಗದವನ್ನು ಅಂಚೆಗೆ ಹಾಕಲು ಹೊರಟಿದ್ದೇನೆ.