ನೀವು ಬಿಚ್ಚಿಸಿದ ಮೂರನೇ ಚಕ್ರ

ವಾಹನ ನೋಂದಣಿ ಕಚೇರಿಯ ಎರಡನೇ ಮಹಡಿಯಲ್ಲಿ ಕೂರುವ ಮಾನ್ಯ ಅಧಿಕಾರಿಗಳೇ,

ನೀವು ನನ್ನ ಗಂಡನ ಮೋಟಾರ್ ಸೈಕಲ್ಲಿನಿಂದ ಸೈಡ್‌ಕಾರನ್ನು ಬಿಚ್ಚಿಸಿದಿರಿ. ಬರೀ ಬೈಕನ್ನು ಅವರ ಕೈಗೆ ಕೊಟ್ಟು, ಓಡಿಸಿಕೊಂಡೇ ಗೇಟು ದಾಟಬೇಕು ಎಂದಿರಿ. ಗೇಟಿನಿಂದ ಇನ್ನೂರು ಮೀಟರ್ ದೂರದ ಸಿಗ್ನಲ್ಲಿನಲ್ಲಿ ಅವರು ಸತ್ತರು. ಈಗ ಉಳಿದಿರುವ ಸೈಡ್‌ಕಾರನ್ನು ಬರುವ ಇಪ್ಪತ್ತನೇ ತಾರೀಕು ಗುಜರಿಗೆ ಹಾಕುತ್ತೇವೆಂದು ನೋಟಿಸ್ ಕಳಿಸಿದ್ದೀರಿ. ಆಕ್ಷೇಪಣೆ ಇದ್ದವರು ಖುದ್ದಾಗಿ ಹಾಜರಾಗಬೇಕಂತೆ. ನನಗೆ ಆಕ್ಷೇಪಣೆ ಇದೆ. ಆದರೆ ಖುದ್ದಾಗಿ ಬರಲು ನನಗಿದ್ದ ಒಂದೇ ವಾಹನ ನಿಮ್ಮ ಅಂಗಳದಲ್ಲಿ ನಿಂತಿದೆ. ಹಾಗಾಗಿ ಪತ್ರಿಕೆಯವರನ್ನು ಕಾಡಿ ಬೇಡಿ, ಊರೆಲ್ಲ ಓದುವ ಹಾಗೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ಟೈಲರ್. ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಾರೆ. ಮೂರು ವರ್ಷದವಳಿದ್ದಾಗ ಪೋಲಿಯೊ ಬಂದು ಎರಡೂ ಕಾಲು ಸೋತವು. ಮನೆಯಿಂದ ಮೂರು ಕಿಲೋಮೀಟರ್ ದೂರದಲ್ಲಿ ಸಮವಸ್ತ್ರ ಹೊಲಿಯುವ ಕೋಣೆಯೊಂದಿದೆ. ಅಲ್ಲಿ ಕಿಟಕಿ ಪಕ್ಕದ ಯಂತ್ರ ನನ್ನದು. ಅದರ ಪೆಡಲನ್ನು ನೆಲದಿಂದ ಕಿತ್ತು, ಮೊಣಕೈಗೆ ಸಿಗುವಂತೆ ಮೇಜಿನ ಅಂಚಿಗೆ ಕೂರಿಸಿಕೊಟ್ಟವರು ನನ್ನ ಗಂಡ. ನೀರಿನ ಪಂಪು ರಿಪೇರಿ ಮಾಡುತ್ತಿದ್ದರು. ಎಲ್ಲರ ಬಾಯಲ್ಲೂ ಪಂಪು ಮೇಸ್ತ್ರಿ. ಕೈಗೆ ಸಿಕ್ಕ ವಸ್ತುವನ್ನೆಲ್ಲ ಬಿಚ್ಚಿ ಇನ್ನೊಂದು ರೀತಿ ಜೋಡಿಸದೆ ಅವರಿಗೆ ಸಮಾಧಾನವಿರಲಿಲ್ಲ.

'ಇಂಥ ವಿಚಿತ್ರ ವಾಹನದ ಅಗತ್ಯವೇನಿತ್ತು' ಎಂದು ನಿಮ್ಮ ಆದೇಶದ ಎರಡನೇ ಪುಟದಲ್ಲಿ ಕೇಳಿದ್ದೀರಿ. ಉತ್ತರ ಕೊಡಬೇಕಾದವರು ಈಗಿಲ್ಲ, ನಾನು ಕೊಡುತ್ತೇನೆ. ಬಸ್ಸಿನ ಮೊದಲ ಮೆಟ್ಟಿಲು ನನ್ನ ಸೊಂಟದ ಎತ್ತರಕ್ಕಿದೆ. ನಾನು ಊರುಗೋಲನ್ನು ಮೇಲಿಟ್ಟು ಕಂಬಿ ಹಿಡಿಯುವಷ್ಟರಲ್ಲಿ ಊರುಗೋಲು ಮಾತ್ರ ಪ್ರಯಾಣ ಹೊರಟಿರುತ್ತದೆ. ಹಾಗೆ ಒಂದು ಜೊತೆ ಕಳೆದುಕೊಂಡಿದ್ದೇನೆ. ಆಟೋದವರು ದೂರದಿಂದಲೇ ನನ್ನ ನಡಿಗೆ ನೋಡಿ, ಏನೋ ಮರೆತವರಂತೆ ಗಾಡಿ ತಿರುಗಿಸುತ್ತಾರೆ. ಬೈಕಿನ ಹಿಂದಿನ ಸೀಟಿನಲ್ಲಿ ಕೂತರೆ ಕಾಲಿಗೆ ಹಿಡಿತವಿಲ್ಲ. ಮದುವೆಯಾದ ಹೊಸದರಲ್ಲಿ ಅವರು ತಮ್ಮ ಸೊಂಟಕ್ಕೂ ನನ್ನ ಸೊಂಟಕ್ಕೂ ಬೆಲ್ಟ್ ಬಿಗಿದು ಕರೆದೊಯ್ಯುತ್ತಿದ್ದರು. ಒಂದು ದಿನ ಬಿದ್ದೆವು, ಬೆಲ್ಟಿನ ದಯೆಯಿಂದ ಇಬ್ಬರೂ ಒಟ್ಟಿಗೆ. ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿಯೊಂದನ್ನು ಸಮಾರಂಭ ಮಾಡಿ, ಫೋಟೋ ತೆಗೆದು ಕೊಟ್ಟಿದ್ದರು. ನಮ್ಮ ದಾರಿಯಲ್ಲಿ ಏರು ಇದೆ. ಕೆಲಸಕ್ಕೆ ತಲುಪುವಷ್ಟರಲ್ಲಿ ಕತ್ತರಿ ಹಿಡಿಯಬೇಕಾದ ಕೈ ನಡುಗುತ್ತಿತ್ತು. ಇವುಗಳಲ್ಲಿ ಯಾವುದನ್ನು ನೀವು ವಿಚಿತ್ರವಲ್ಲದ ವಾಹನ ಎನ್ನುತ್ತೀರಿ?

ಒಂಬತ್ತು ವರ್ಷದ ಹಿಂದೆ ಅವರು ವೆಲ್ಡಿಂಗ್ ಅಂಗಡಿಯ ಗೆಳೆಯನ ಜೊತೆ ಕೂತು, ಮೂರು ತಿಂಗಳು ಭಾನುವಾರಗಳನ್ನೆಲ್ಲ ಸುರಿದು ಈ ಸೈಡ್‌ಕಾರ್ ಕಟ್ಟಿದರು. ಬೈಕಿನ ಎಡಕ್ಕೆ ಕಬ್ಬಿಣದ ಚೌಕಟ್ಟು, ಅದಕ್ಕೊಂದು ಚಕ್ರ, ಮೇಲೆ ತಗಡಿನ ತೊಟ್ಟಿ. ತೊಟ್ಟಿಯ ಬಾಗಿಲನ್ನು ಮನೆ ಮುಂದೆ ನಾನು ಕೂರುವ ಕುರ್ಚಿಯ ಎತ್ತರಕ್ಕೆ ಸರಿಯಾಗಿ ಕತ್ತರಿಸಿದ್ದರು. ಕುರ್ಚಿಯಿಂದ ಸೀಟಿಗೆ ನಾನೇ ಜಾರಿಕೊಳ್ಳುತ್ತಿದ್ದೆ. ಯಾರೂ ನನ್ನನ್ನು ಎತ್ತಬೇಕಾಗಿರಲಿಲ್ಲ. ಬೇರೆಯವರು ಎತ್ತಿ ಕೂರಿಸುವುದು ಏನೆಂದು ಗೊತ್ತಿಲ್ಲದವರಿಗೆ ಈ ಮಾತಿನ ಬೆಲೆ ತಿಳಿಯುವುದಿಲ್ಲ. ಊರುಗೋಲಿಗೆ ಪಕ್ಕದಲ್ಲೇ ಎರಡು ಕ್ಲಿಪ್ಪು, ಮಳೆಗೆ ನಾನೇ ಹೊಲಿದ ಕ್ಯಾನ್ವಾಸ್ ಚಾವಣಿ. ನನ್ನನ್ನು ಇಳಿಸಿದ ಮೇಲೆ ಎರಡು ಕೊಂಡಿ ತೆಗೆದರೆ ಸೀಟು ಹೊರಗೆ. ಆ ಜಾಗದಲ್ಲಿ ನಲವತ್ತು ಕಿಲೋ ಪಂಪು, ಪೈಪು, ಹಗ್ಗ, ಉಪಕರಣದ ಪೆಟ್ಟಿಗೆ. ಇಷ್ಟು ಸಾಮಾನನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೋಗುವವರನ್ನು ನಿಮ್ಮವರು ದಿನಾ ನೋಡುತ್ತಾರೆ, ಸುಮ್ಮನೆ ಬಿಡುತ್ತಾರೆ. ಸಾಮಾನು ಹಿಡಿಯುವ ಗಾಡಿಗಳು ನಮ್ಮ ಓಣಿಯ ಬಾಯಲ್ಲೇ ಸಿಕ್ಕಿಕೊಳ್ಳುತ್ತವೆ. ಇದು ಎರಡೂ ಕಡೆ ನಾಲ್ಕು ಬೆರಳು ಜಾಗ ಬಿಟ್ಟು ಮನೆ ಬಾಗಿಲಿಗೇ ಬರುತ್ತಿತ್ತು.

ನ್ಯಾಯವಾಗಿ ಹೇಳಬೇಕೆಂದರೆ ಅದಕ್ಕೆ ಕೊರತೆಗಳೂ ಇದ್ದವು. ವಾಹನಗಳ ನಡುವೆ ನುಸುಳಲು ಆಗುವುದಿಲ್ಲ. ವೇಗ ಹೆಚ್ಚಿಸಿದರೆ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಾಕಿದರೆ ಬಲಕ್ಕೆ. ತೊಟ್ಟಿ ಖಾಲಿಯಿದ್ದು ಎಡಕ್ಕೆ ಜೋರಾಗಿ ತಿರುಗಿಸಿದರೆ ಮೂರನೇ ಚಕ್ರ ನೆಲ ಬಿಡುತ್ತದೆ. ಅದಕ್ಕೇ ನಾನಾಗಲಿ ಪಂಪಾಗಲಿ ಇಲ್ಲದಾಗ ಒಂದು ಮರಳಿನ ಚೀಲ ಇಟ್ಟುಕೊಳ್ಳುತ್ತಿದ್ದರು. "ನಿನ್ನಷ್ಟೇ ಭಾರ, ಆದ್ರೆ ದಾರಿಯುದ್ದಕ್ಕೂ ಮಾತಾಡಲ್ಲ" ಎಂದು ನನ್ನನ್ನು ರೇಗಿಸುತ್ತಿದ್ದರು. ಬರೀ ಬೈಕನ್ನು ಮೈ ವಾಲಿಸಿ ತಿರುಗಿಸುತ್ತಾರೆ, ಇದನ್ನು ಹ್ಯಾಂಡಲ್ಲಿನಲ್ಲೇ ತಿರುಗಿಸಬೇಕು. ಮೊದಲ ಆರು ತಿಂಗಳು ಅವರು ಹೊಸದಾಗಿ ಕಲಿಯುವವರ ಹಾಗೆ ಕಲಿತರು. ಒಮ್ಮೆ ಕಲಿತ ಮೇಲೆ ಬರೀ ಬೈಕನ್ನು ಮುಟ್ಟಲೇ ಇಲ್ಲ.

ಇನ್ನೊಂದು ಅಭ್ಯಾಸವನ್ನು ದಯವಿಟ್ಟು ಗಮನವಿಟ್ಟು ಓದಿ. ಸೈಡ್‌ಕಾರಿರುವ ಬೈಕು ನಿಂತಾಗ ಬೀಳುವುದಿಲ್ಲ. ಸವಾರ ಕಾಲು ಕೆಳಗಿಡಬೇಕಾಗಿಲ್ಲ. ಸಿಗ್ನಲ್ಲಿನಲ್ಲಿ ಸುತ್ತಲಿನವರೆಲ್ಲ ಒಂಟಿ ಕಾಲಲ್ಲಿ ನಿಂತಿದ್ದರೆ ನಮ್ಮವರು ಮಾತ್ರ ಕುರ್ಚಿಯಲ್ಲಿ ಕೂತವರ ಹಾಗೆ ಕೂತಿರುತ್ತಿದ್ದರು. ಕೆಂಪು ದೀಪ ಬಿದ್ದ ಕೂಡಲೇ ಹ್ಯಾಂಡಲ್ ಬಿಟ್ಟು, ಕನ್ನಡಕ ತೆಗೆದು, ಎರಡೂ ಕೈಯಿಂದ ಅಂಗಿಯ ಅಂಚಿಗೆ ಒರೆಸುತ್ತಿದ್ದರು. ಮನೆಯಿಂದ ನನ್ನ ಕೆಲಸದ ಜಾಗಕ್ಕೆ ನಾಲ್ಕು ಸಿಗ್ನಲ್. ಹೋಗುವಾಗ ನಾಲ್ಕು ಸಲ, ಬರುವಾಗ ನಾಲ್ಕು ಸಲ. "ಗಾಜು ಸವೆದು ಹೋಗುತ್ತೆ ರೀ" ಎನ್ನುತ್ತಿದ್ದೆ.

ನೋಂದಣಿ ಪತ್ರದಲ್ಲಿ ಸೈಡ್‌ಕಾರ್ ಸೇರಿಸಿಕೊಡಿ ಎಂದು ಅವರು ನಾಲ್ಕು ವರ್ಷದ ಹಿಂದೆಯೇ ನಿಮ್ಮ ಕಚೇರಿಗೆ ಅರ್ಜಿ ಹಾಕಿದ್ದರು. ಮೂರು ಸಲ ವಾಪಸ್ಸು ಬಂತು. ನಮೂನೆಯಲ್ಲಿ ಪ್ರಯಾಣಿಕರು, ಸರಕು ಎಂದು ಎರಡು ಚೌಕಗಳಿವೆಯಂತೆ, ಒಂದಕ್ಕೆ ಮಾತ್ರ ಗುರುತು ಹಾಕಬೇಕಂತೆ. ಅವರು ಎರಡಕ್ಕೂ ಹಾಕಿದ್ದರು. ಸುಳ್ಳು ಹೇಳಿ ಒಂದಕ್ಕೆ ಹಾಕಿದ್ದರೆ ಇವತ್ತು ಬದುಕಿರುತ್ತಿದ್ದರೋ ಏನೋ. ನಿಮ್ಮವರು ಕಳೆದ ತಿಂಗಳು ರಸ್ತೆಯಲ್ಲಿ ತಡೆದು, ನನ್ನನ್ನೂ ಬಟ್ಟೆಯ ಗಂಟನ್ನೂ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಇಳಿಸಿ, ವಾಹನ ಜಫ್ತಿ ಮಾಡಿಕೊಂಡು ಹೋದರು. ಮರುದಿನ ಅವರು ನಿಮ್ಮ ಮುಂದೆ ಬಂದು ನಿಂತರು. ಅಲ್ಲಿ ನಡೆದ ಮಾತನ್ನು ಅವತ್ತು ಸಂಜೆ ನನಗೆ ಹಾಗೆಯೇ ಒಪ್ಪಿಸಿದರು.

"ಇದು ಜನಕ್ಕೋ, ಸಾಮಾನಿಗೋ?" ಎಂದು ಕೇಳಿದಿರಂತೆ.

"ಎರಡಕ್ಕೂ ಸಾರ್. ಬೆಳಿಗ್ಗೆ ಹೆಂಡತಿ, ಆಮೇಲೆ ಪಂಪು, ಸಂಜೆ ಮತ್ತೆ ಹೆಂಡತಿ."

"ಎರಡೂ ಅಂತ ಬರೆಯೋಕೆ ಬರಲ್ಲ ಕಣ್ರೀ. ಹೆಂಡತೀನೂ ಸರಕು ಅಂತಲೇ ಬರ್ಕೊಳ್ಳಲಾ?"

ಕೋಣೆಯಲ್ಲಿದ್ದವರೆಲ್ಲ ನಕ್ಕರಂತೆ. ಅವರು ಅದನ್ನು ನನಗೆ ತಮಾಷೆಯಾಗಿಯೇ ಹೇಳಿದರು, ನಾನೂ ನಕ್ಕೆ. ಆಮೇಲೆ ಅವರು ಊಟದ ತಟ್ಟೆಯ ಮುಂದೆ ಕೂತು ತುತ್ತನ್ನೇ ಎತ್ತಲಿಲ್ಲ. ಆಗ ನನಗೆ ನಿಮ್ಮ ಮೇಲೆ ಬಂದ ಸಿಟ್ಟು ಇವತ್ತಿನವರೆಗೂ ಇಳಿದಿಲ್ಲ.

ಮೂಲ ಸ್ಥಿತಿಗೆ ತಂದು ವಾಹನ ಬಿಡುಗಡೆ ಮಾಡತಕ್ಕದ್ದು ಎಂಬ ಆದೇಶ ಬಂತು. ಅವರಿಗೆ ಮನಸ್ಸಿರಲಿಲ್ಲ. ಮೇಲಿನ ಕಚೇರಿಗೆ ಬರೆಯುತ್ತೇನೆ, ಸ್ವಲ್ಪ ದಿನ ಅಲ್ಲೇ ಇರಲಿ ಎಂದರು. "ಬೈಕಾದ್ರೂ ಮನೆಗೆ ಬರ್ಲಿ ರೀ, ನಿಮ್ಮ ಕೆಲಸ ನಿಲ್ಲೋದು ಬೇಡ" ಎಂದವಳು ನಾನು. ಆ ಮಾತಿನ ಹೊಣೆಯನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಅದನ್ನು ನಾನೇ ಇಟ್ಟುಕೊಂಡಿದ್ದೇನೆ, ಬೆಳಿಗ್ಗೆ ಏಳುವ ಮೊದಲೇ ಅದು ಎದ್ದು ಕೂತಿರುತ್ತದೆ.

ನಿಮ್ಮ ಹೊಣೆ ಯಾವುದೆಂದು ಹೇಳಿದವರು ನಿಮ್ಮದೇ ಅಂಗಳದ ಮೆಕ್ಯಾನಿಕ್. ನನ್ನ ಗಂಡ ಸತ್ತು ಎರಡು ವಾರವಾದ ಮೇಲೆ ಆತ ನಮ್ಮ ಮನೆಗೆ ಬಂದ. ಒಳಗೆ ಬಾ ಎಂದರೂ ಬರದೆ ಹೊಸ್ತಿಲಲ್ಲೇ ಕೂತ.

"ಅಮ್ಮ, ಬೋಲ್ಟ್ ಬಿಚ್ಚಿದ್ದು ನಾನೇ. ನಾಲ್ಕು ಬೋಲ್ಟು. ಬಿಚ್ಚುವಾಗ್ಲೇ ಹೇಳಿದ್ದೆ, ಇಷ್ಟು ವರ್ಷ ಸೈಡ್‌ಕಾರ್ ಓಡಿಸಿದವರು, ಇವತ್ತು ತಳ್ಕೊಂಡು ಹೋಗ್ಲಿ ಅಂತ. ಮೇಲಿಂದ ಸಾಹೇಬ್ರು ಹೇಳಿ ಕಳಿಸಿದ್ರು, ಚಾಲನಾ ಸ್ಥಿತಿಯಲ್ಲಿ ಪಡೆದಿದ್ದೇನೆ ಅಂತ ರಿಜಿಸ್ಟರಲ್ಲಿ ಸಹಿ ಆಗ್ಬೇಕು, ಓಡಿಸ್ಕೊಂಡು ಗೇಟ್ ದಾಟದೆ ಬಿಡೋ ಹಾಗಿಲ್ಲ ಅಂತ. ಅವರು ಸಹಿ ಮಾಡಿದ್ರು. ನಾನು ಗೇಟಲ್ಲೇ ನಿಂತು ನೋಡ್ತಾ ಇದ್ದೆ. ಮೊದಲು ಸ್ವಲ್ಪ ಓಲಾಡ್ತು, ಆಮೇಲೆ ನೆಟ್ಟಗೆ ಹೋದ್ರು. ಸದ್ಯ, ಬಚಾವಾಯ್ತು ಅಂದ್ಕೊಂಡೆ. ಸಿಗ್ನಲಲ್ಲಿ ನಿಲ್ಲಿಸಿದ್ರು."

ಆಮೇಲೆ ಏನಾಯಿತೆಂದು ನಾನೇ ಕೇಳಬೇಕಾಯಿತು.

"ಕಾಲು ಊರಲಿಲ್ಲ ಅಮ್ಮ. ಎರಡೂ ಕೈ ಬಿಟ್ಟು ಕನ್ನಡಕಕ್ಕೆ ಕೈ ಹಾಕಿದ್ರು. ಹಾಗೇ ಬಲಕ್ಕೆ ಬಿದ್ರು. ಪಕ್ಕದಲ್ಲಿ ಲಾರಿ ಇನ್ನೂ ನಿಂತಿರಲಿಲ್ಲ."

ಈಗ ನಿಮ್ಮ ವರದಿಗೆ ಬರುತ್ತೇನೆ. 'ನಿಶ್ಚಲ ವಾಹನದ ಮೇಲೆ ಕುಳಿತು, ಎರಡೂ ಕೈಗಳನ್ನು ಬಿಟ್ಟು, ಕನ್ನಡಕ ತೆಗೆಯುವಂತಹ ಬೇಜವಾಬ್ದಾರಿ ವರ್ತನೆಯಿಂದ ಸವಾರನು ತಾನಾಗಿಯೇ ಬಿದ್ದಿರುತ್ತಾನೆ. ಮದ್ಯಪಾನದ ಸಾಧ್ಯತೆಯನ್ನು ತಳ್ಳಿಹಾಕಲಾಗದು.' ಜೀವಮಾನದಲ್ಲೇ ಕುಡಿಯದವರನ್ನು ಸತ್ತ ಮೇಲೆ ಕುಡಿಸಿದ್ದೀರಿ. ನಿಂತ ಬೈಕಿನಿಂದ ಯಾರಾದರೂ ಬೀಳುತ್ತಾರೆಯೇ ಎಂದು ನನ್ನ ನಾದಿನಿಯನ್ನು ನೀವೇ ಕೇಳಿದಿರಂತೆ. ಬೀಳುತ್ತಾರೆ ಸ್ವಾಮಿ. ಒಂಬತ್ತು ವರ್ಷ ಕಾಲು ಊರದವರು ಬೀಳುತ್ತಾರೆ. ನೀವು ದಿನಾ ಕಡತ ಓದಿಕೊಂಡೇ ಇಳಿಯುವ ಮೆಟ್ಟಿಲುಗಳಲ್ಲಿ ಒಂದನ್ನು ಯಾರಾದರೂ ಮಧ್ಯಾಹ್ನ ಕಿತ್ತುಹಾಕಿ, ಸಂಜೆ ಎಂದಿನಂತೆ ಇಳಿಯಿರಿ ಎಂದರೆ ನಿಮ್ಮ ಪಾದ ಎಲ್ಲಿಗೆ ಹೋಗುತ್ತದೆ? ಬಿದ್ದ ಮೇಲೆ ಅದನ್ನು ನಿಮ್ಮ ಬೇಜವಾಬ್ದಾರಿ ಎಂದು ಬರೆದುಕೊಳ್ಳುತ್ತೀರಾ? ಬೈಕಿನ ಮೂಲ ಸ್ಥಿತಿಯನ್ನು ನೀವು ನಾಲ್ಕು ಬೋಲ್ಟು ಬಿಚ್ಚಿ ಮರಳಿಸಿದಿರಿ. ಸವಾರನ ಮೈಯನ್ನು ಮೂಲ ಸ್ಥಿತಿಗೆ ತರುವ ಸ್ಪ್ಯಾನರ್ ನಿಮ್ಮ ಕಚೇರಿಯಲ್ಲಿ ಇರಲಿಲ್ಲ. ಇಲ್ಲದ ಮೇಲೆ, ತಳ್ಳಿಕೊಂಡು ಹೋಗಲಿ ಎಂದ ಮೆಕ್ಯಾನಿಕ್‌ನ ಮಾತು ಕೇಳಬಹುದಿತ್ತು. ಅಷ್ಟು ಸಾಕಾಗಿತ್ತು.

ಅವರು ಹೋದ ದಿನದಿಂದ ನಾನು ಬಾಗಿಲು ದಾಟಿಲ್ಲ. ಅವರನ್ನು ಕೊನೆಯದಾಗಿ ಕರೆದೊಯ್ದ ದಿನ ಮಾತ್ರ ನಾಲ್ಕು ಜನ ನನ್ನನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋದರು, ಹಾಗೆಯೇ ತಂದು ಇಳಿಸಿದರು. ಹೊಲಿಗೆ ಕೋಣೆಯವರು ನನ್ನ ಯಂತ್ರಕ್ಕೆ ಇನ್ನೂ ಬೇರೆಯವರನ್ನು ಕೂರಿಸಿಲ್ಲ. ಈ ತಿಂಗಳು ಮುಗಿಯುವವರೆಗೆ ನೋಡುತ್ತೇವೆ ಎಂದಿದ್ದಾರೆ, ಅದೂ ದೊಡ್ಡ ಮಾತು.

ನನ್ನ ನಾದಿನಿ ಕೊರಿಯರ್ ಕೆಲಸದವಳು, ದಿನವಿಡೀ ಸ್ಕೂಟರಿನ ಮೇಲಿರುತ್ತಾಳೆ. ಅಣ್ಣನ ಹಾಗೆ ಅವಳಿಗೂ ಮಾತು ಕಮ್ಮಿ. ಮೊನ್ನೆ ನೋಟಿಸ್ ಓದಿ ಮುಗಿಸಿ, "ಅತ್ತಿಗೆ, ಅದನ್ನ ಬಿಡಿಸ್ಕೊಂಡು ಬಂದ್ರೆ ನಾನು ಓಡಿಸ್ತೀನಿ. ಬೆಳಿಗ್ಗೆ ನಿಮ್ಮನ್ನ ಬಿಟ್ಟು ಪಾರ್ಸೆಲ್ ತುಂಬ್ಕೊಂಡು ಹೋಗ್ತೀನಿ" ಎಂದಳು. ನನಗೆ ಭಯವಾಯಿತು. ಭಯ ಸೈಡ್‌ಕಾರಿನದಲ್ಲ. ಮೂರು ಚಕ್ರ ಇದ್ದರೂ ಪ್ರತಿ ಸಿಗ್ನಲ್ಲಿನಲ್ಲಿ ಕಾಲು ಕೆಳಗಿಡಬೇಕು ಎಂದು ಅವಳಿಂದ ಮಾತು ತೆಗೆದುಕೊಂಡಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಇಪ್ಪತ್ತನೇ ತಾರೀಕಿನ ಗುಜರಿ ಪಟ್ಟಿಯಿಂದ ಸೈಡ್‌ಕಾರನ್ನು ತೆಗೆಯಿರಿ. ಅದು ಜನರನ್ನೂ ಸಾಮಾನನ್ನೂ ಒಯ್ಯುತ್ತದೆಂದು ಬರೆದುಕೊಳ್ಳಿ, ಜಾಗ ಸಾಲದಿದ್ದರೆ ಅಂಚಿನಲ್ಲಿ ಬರೆಯಿರಿ. ಅಪಘಾತದ ದಿನ ಮತ್ತೆ ಒಳಗೆ ತಂದಿಟ್ಟ ಬೈಕು ಮತ್ತು ಸೈಡ್‌ಕಾರು ಈಗ ನಿಮ್ಮ ಅಂಗಳದಲ್ಲಿ ಎರಡು ಅಡಿ ದೂರದಲ್ಲಿ ನಿಂತಿವೆಯಂತೆ. ಅವನ್ನು ಅಲ್ಲೇ, ನಿಮ್ಮ ಕಣ್ಣೆದುರಿಗೇ ಜೋಡಿಸಿ. ಮೆಕ್ಯಾನಿಕ್‌ಗೆ ಅರ್ಧ ಗಂಟೆಯ ಕೆಲಸ, ತಾನೇ ಮಾಡಿಕೊಡುತ್ತೇನೆ ಎಂದಿದ್ದಾನೆ. ಆಮೇಲೆ ವಾಹನವನ್ನು ನನ್ನ ನಾದಿನಿಯ ಕೈಗೆ ಕೊಡಿ. ಅವಳು ಅದನ್ನು ಗೇಟಿನಿಂದ ಹೊರಗೆ ತಳ್ಳಿಕೊಂಡು ಹೋಗುತ್ತೇನೆ ಎಂದರೆ, ದಯವಿಟ್ಟು ತಳ್ಳಿಕೊಂಡು ಹೋಗಲು ಬಿಡಿ.

ಇಂತಿ,
ನೀವು ಯಾವ ದಿನ, ಯಾವ ಹೊತ್ತಿಗೆ ಬಂದರೂ ಮನೆಯಲ್ಲೇ ಸಿಗುವ
ಟೈಲರಮ್ಮ