ತಾರಸಿಗೆ ಮೂರು ಕೈ ಸುಣ್ಣ

ಅಪ್ಪಾ,

ನಿನ್ನ ಮಂಜಿ ಬರೆಯುತ್ತಿದ್ದೇನೆ. ನೀನು ಹೋಗಿ ಆರು ವರ್ಷವಾಯಿತು, ಹೇಗಿದ್ದೀಯ ಎಂದು ಕೇಳುವ ಹಾಗಿಲ್ಲ. ಆದರೂ ಒಂದು ವಿಷಯ ನಿನಗೆ ಹೇಳಲೇಬೇಕು. ಬೇರೆ ಯಾರಿಗೆ ಹೇಳಿದರೂ ಅರ್ಧ ಮಾತ್ರ ಅರ್ಥವಾಗುತ್ತದೆ. ನಮ್ಮ ಚಾಮರಾಜಪೇಟೆ ಮನೆಯ ತಾರಸಿಗೆ ಈ ಸಲ ಯುಗಾದಿಗೆ ಮುಂಚೆ ನಾನು ಸುಣ್ಣ ಬಳಿದೆ. ನಗಬೇಡ. ಮೊದಲನೇ ಸಲ ಪೂರ್ತಿ ಕೆಡಿಸಿದೆ, ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಹೋದ ವರ್ಷ ಏಪ್ರಿಲ್‌ನ ಒಂದು ಮಧ್ಯಾಹ್ನ ಅಮ್ಮ ಅಡುಗೆಮನೆಯಲ್ಲಿ ತಲೆಸುತ್ತಿ ಬಿದ್ದಳು. ನಾನು ಕಚೇರಿಯಲ್ಲಿದ್ದೆ. ಪಕ್ಕದ ಮನೆಯ ಸರೋಜಮ್ಮ ಫೋನ್ ಮಾಡಿ ಕರೆಸಿದರು. ಸೊಂಟದ ಮೂಳೆ ಮುರಿದಿತ್ತು, ಆಪರೇಷನ್ ಆಯಿತು. ಸೆಕೆಗೆ ಮೈಯ ನೀರೆಲ್ಲ ಇಳಿದುಹೋಗಿ ಹೀಗಾಗಿದೆ ಎಂದರು ಡಾಕ್ಟರು. ಆಸ್ಪತ್ರೆಯಿಂದ ತಮ್ಮ ರವಿ ಅವಳನ್ನು ಸೀದಾ ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋದ. ಊರಾಚೆ, ಹನ್ನೊಂದನೇ ಮಹಡಿ. ಚೆನ್ನಾಗಿ ನೋಡಿಕೊಂಡ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತು ತಿಂಗಳಾದರೂ ಅಮ್ಮನಿಗೆ ಅದು ಮನೆ ಅನ್ನಿಸಲಿಲ್ಲ.

ಅಮ್ಮ ಬೀಳುವುದಕ್ಕೆ ಒಂದು ವಾರ ಮೊದಲು ಹೇಳಿದ್ದ ಮಾತು ಈಗಲೂ ಕಿವಿಯಲ್ಲಿದೆ. "ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಮೇಲ್ಗಡೆ ಸುಣ್ಣ ಬಳ್ದಿರೋರು" ಎಂದಳು. ನಾನೇನು ಹೇಳಿದೆ ಗೊತ್ತಾ? "ತಾರಸಿನ ಯಾರಮ್ಮ ಬಂದು ನೋಡ್ತಾರೆ?" ಎಂದೆ. ನೀನು ಪ್ರತಿ ವರ್ಷ ಬಳಿಯುತ್ತಿದ್ದುದು ಚೆಂದಕ್ಕೆ ಎಂದುಕೊಂಡಿದ್ದೆ ಅಪ್ಪ. ಹಬ್ಬಕ್ಕೆ ಬಾಗಿಲಿಗೆ ಬಣ್ಣ ಹಚ್ಚುವ ಹಾಗೆ. ನೀನು ಹೋದ ಮೇಲೆ ಐದು ಮಳೆಗಾಲಕ್ಕೆ ಆ ಸುಣ್ಣವೆಲ್ಲ ತೊಳೆದುಹೋಗಿ, ಪಾಚಿ ಕಟ್ಟಿ, ತಾರಸಿ ಕಪ್ಪಗಾಗಿತ್ತು. ಬಿಸಿಲನ್ನೆಲ್ಲ ಹೀರಿ ಕಾಯುವ ಆ ಕಪ್ಪಿನ ಕೆಳಗೇ ಅಮ್ಮ ಇಡೀ ದಿನ ಇರುತ್ತಿದ್ದಳು. ನಾನು ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತಿರುತ್ತಿದ್ದೆ. ಬಿದ್ದಿದ್ದು ಅವಳು, ತಪ್ಪು ನನ್ನದು. ಇದನ್ನು ರವಿಗೆ ಇನ್ನೂ ಹೇಳಿಲ್ಲ.

ಶಿವರಾತ್ರಿಯ ದಿನ ನಾನು ರವಿಯ ಮನೆಗೆ ಹೋಗಿದ್ದಾಗ ಅಮ್ಮ ಹಟ ಹಿಡಿದಳು. "ಯುಗಾದಿಗೆ ನಾನು ನನ್ನ ಮನೇಲಿರ್ಬೇಕು."

"ಮಳೆ ಶುರುವಾಗ್ಲಿ, ಬಿಡ್ತೀನಿ" ಎಂದ ರವಿ. "ಆ ಮನೆ ಕಾದ ಹೆಂಚು. ಇನ್ನೊಂದ್ಸಲ ಬಿದ್ರೆ ಯಾರಮ್ಮ ಜವಾಬ್ದಾರಿ?"

ಎ.ಸಿ. ಹಾಕಿಸೋಣ ಎಂದೆ. ಅಮ್ಮ ಒಪ್ಪಲಿಲ್ಲ. ರವಿಯ ಮನೆಯಲ್ಲೂ ಆ ತಣ್ಣನೆ ಗಾಳಿಗೆ ಆಪರೇಷನ್ ಆದ ಜಾಗ ಜುಮುಗುಟ್ಟುತ್ತದೆ ಎಂದು ಅವಳು ಅದನ್ನು ಆರಿಸಿ ಕೂರುತ್ತಾಳೆ. ಕೊನೆಗೆ ಒಂದು ಒಪ್ಪಂದವಾಯಿತು. ಯುಗಾದಿಗೆ ಅಮ್ಮ ಬರುವುದು. ಅದಾದ ಮೇಲಿನ ಭಾನುವಾರ ರವಿ ಬಂದು ಮಧ್ಯಾಹ್ನ ಅವಳ ಕೋಣೆಯಲ್ಲೇ ಕೂತು ನೋಡುವುದು. ಕೂರಲು ಆಗದಷ್ಟು ಸೆಕೆಯಿದ್ದರೆ ವಾಪಸು ಕರೆದುಕೊಂಡು ಹೋಗುವುದು. ನಾನು ಹೊರಡುವಾಗ ಅಮ್ಮ ವಾಕರ್ ಹಿಡಿದುಕೊಂಡು ಲಿಫ್ಟಿನ ತನಕ ಬಂದಳು. "ಈ ಸಲ ಇಲ್ಲಿಗೇ ವಾಪಸ್ ಬಂದ್ರೆ ನಾನು ಮತ್ತೆ ಆ ಮನೆಗೆ ಬರೋಕಾಗಲ್ಲ ಕಣೆ. ಏನಾದ್ರೂ ಮಾಡು" ಎಂದಳು.

ಮಾಡಿದೆ. ಅವಳ ಮಂಚ ಯಾವಾಗಲೂ ಪಡುವಣ ಗೋಡೆಗೆ ಇರುತ್ತಿತ್ತಲ್ಲ, ಅದನ್ನು ಎಳೆದು ಮೂಡಲ ಕಡೆಗೆ ಹಾಕಿದೆ. ಪಡುವಣ ಕಿಟಕಿಗೆ ಹೊರಗಿನಿಂದ ಬಿದಿರಿನ ಪರದೆ ಕಟ್ಟಿಸಿದೆ. ಹಾಸಿಗೆ ಬಿಸಿಲಿಗೆ ಹಾಕಿ ಬಡಿದೆ, ಹೊಸ ಮಡಕೆ ತಂದು ಮೂರು ದಿನ ನೆನೆಸಿ ನೀರು ತುಂಬಿದೆ. ಇಷ್ಟೆಲ್ಲ ಮಾಡಿ, ಮಧ್ಯಾಹ್ನ ಆ ಕೋಣೆಯಲ್ಲಿ ಕೂತರೆ ಸೂರು ಕೆಂಡ ಸುರಿಯುತ್ತಿತ್ತು. ಆಗ ನಿನ್ನ ಸುಣ್ಣ ನೆನಪಾಯಿತು.

ನೀನು ಸುಣ್ಣ ಬಳಿಯುವ ಕೆಲಸದಿಂದ ಮಧ್ಯಾಹ್ನ ಮನೆಗೆ ಬರುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ರೆಪ್ಪೆಯ ಮೇಲೆಲ್ಲ ಬಿಳಿ. ಕೈಕಾಲು ತೊಳೆದು, ಉಂಡು, ನಡುಮನೆಯಲ್ಲಿ ಬರೀ ನೆಲದ ಮೇಲೆ ಮಲಗಿದರೆ ನಾಲ್ಕು ಗಂಟೆಯವರೆಗೆ ಏಳುತ್ತಿರಲಿಲ್ಲ. ಬೇರೆಯವರ ಅಪ್ಪಂದಿರು ಆ ಹೊತ್ತಿಗೆ ಆಫೀಸಿನಲ್ಲಿರುತ್ತಾರೆ, ನಮ್ಮಪ್ಪ ಮಾತ್ರ ಗೊರಕೆ ಹೊಡೆಯುತ್ತಾನೆ ಎಂದು ನನಗೆ ನಾಚಿಕೆಯಾಗುತ್ತಿತ್ತು. ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗ ಎನ್ನುವಲ್ಲಿ ಕಂಟ್ರಾಕ್ಟರ್ ಎಂದು ಬರೆದವಳು ನಾನು. ನೀನು ಅದನ್ನು ಓದಿ ರುಜು ಹಾಕಿದೆ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆನೋ ಏನೋ...

ಕೆಲಸದ ಕಡೆ ನಮ್ಮನ್ನು ನೀನು ಒಂದು ದಿನವೂ ಕರೆದುಕೊಂಡು ಹೋಗಲಿಲ್ಲ. ಬಸವನಗುಡಿಯಲ್ಲಿ ಅಷ್ಟು ಮನೆಗಳಿಗೆ ವರ್ಷ ವರ್ಷವೂ ಬಳಿದೆ, ನಾನು ಒಂದನ್ನೂ ನೋಡಿಲ್ಲ. ನಮ್ಮ ತಾರಸಿಗೆ ಬಳಿದಾಗಲೂ ಅಷ್ಟೇ, ಸುಣ್ಣ ಕಣ್ಣಿಗೆ ಸಿಡಿಯುತ್ತದೆ ಎಂದು ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ಒಂದೆರಡು ದಿನ ಬಿಟ್ಟು ಹತ್ತಿ ನೋಡಿದರೆ ಎಲ್ಲ ಬೆಳ್ಳಗಾಗಿರುತ್ತಿತ್ತು. ಯಾವಾಗ ಬಳಿದೆ, ಹೇಗೆ ಬಳಿದೆ ಎಂದು ಒಂದು ದಿನವಾದರೂ ಕೇಳಿದೆನಾ?

ಹಾಗಾಗಿ ನಾನೇ ಲೆಕ್ಕ ಹಾಕಿದೆ. ಅಪ್ಪ ಮಧ್ಯಾಹ್ನ ಮೈಯೆಲ್ಲ ಸುಣ್ಣ ಮಾಡಿಕೊಂಡು ಬರುತ್ತಿದ್ದ, ಅಂದರೆ ಸುಣ್ಣ ಬಳಿಯುವುದು ಬಿಸಿಲಲ್ಲಿ. ಬೇಗ ಒಣಗಿದರೆ ಗಟ್ಟಿಯಾಗಿ ಕೂರುತ್ತದೆ. ಎಷ್ಟು ಸರಿಯಾದ ತರ್ಕ! ಅಂಗಡಿಯಿಂದ ಸುಣ್ಣದ ಪುಡಿಯ ಪ್ಯಾಕೆಟ್ ತಂದು, ಬಕೆಟ್ಟಿನಲ್ಲಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ಭಾನುವಾರ ಹನ್ನೆರಡು ಗಂಟೆಗೆ ತಲೆಗೆ ಟವೆಲ್ ಸುತ್ತಿಕೊಂಡು ಶುರು ಮಾಡಿದೆ. ಬಳಿದ ಕ್ಷಣದಲ್ಲೇ ಒಣಗುತ್ತಿತ್ತು. ಏನು ಖುಷಿ ನನಗೆ! ನಾನು ಸುಣ್ಣದವರ ಮಗಳು ಎಂದುಕೊಂಡೆ.

ಬುಧವಾರ ಬೆಳಗ್ಗೆ ಗಾಳಿ ಎದ್ದಿತು. ಸರೋಜಮ್ಮ ಪಕ್ಕದ ತಾರಸಿಯಿಂದ ಕೂಗಿದರು. "ಮಂಜುಳಾ, ಬನ್ರೀ ಇಲ್ಲಿ! ನಿಮ್ಮ ಸುಣ್ಣ ಎಲ್ಲಾ ನಮ್ಮ ಸಂಡಿಗೆ ಮೇಲೆ ಕೂತಿದೆ!" ಹೋಗಿ ನೋಡಿದರೆ ನಿಜ. ಎರಡು ಸೀರೆ ತುಂಬ ಇಟ್ಟಿದ್ದ ಸಂಡಿಗೆಯ ಮೇಲೆ ಬಿಳಿಯ ಪುಡಿ. ಎಲೆ ಅಡಿಕೆ ಜೊತೆ ಹಾಕ್ಕೊಳ್ಳಿ ಎನ್ನಲು ಬಾಯಿಗೆ ಬಂತು, ತಡೆದುಕೊಂಡೆ. ನಮ್ಮ ತಾರಸಿಯ ಮೇಲೆ ಪಾದ ಉಜ್ಜಿದರೆ ಕಪ್ಪು ಸಿಮೆಂಟು ಹಾಗೇ ಕಾಣುತ್ತಿತ್ತು. ಅಕ್ಕಿ ನೆನೆಹಾಕಿ, ರುಬ್ಬಿ, ಅವರ ಸಂಡಿಗೆ ಪೂರ್ತಿ ಹೊಸದಾಗಿ ಇಟ್ಟುಕೊಟ್ಟೆ. ಯುಗಾದಿಗೆ ಇನ್ನು ಹನ್ನೆರಡು ದಿನವಿತ್ತು.

ನಿನ್ನ ಜೊತೆ ಸುಣ್ಣ ನೆನೆಸಲು ಬರುತ್ತಿದ್ದ ಚಿಕ್ಕತಾಯಮ್ಮನ ನೆನಪು ಬಂದಿದ್ದು ಆಗ. ಹುಡುಕಿಕೊಂಡು ಹೋದೆ. ಎಪ್ಪತ್ತು ದಾಟಿದ್ದಾಳೆ, ಒಂದು ಕಣ್ಣಿಗೆ ಪೊರೆ ಬಂದಿದೆ, ಗಂಟಲು ಮಾತ್ರ ಹಾಗೇ ಇದೆ. ನಾನು ಎಲ್ಲ ಹೇಳಿದೆ.

"ಎಷ್ಟೊತ್ನಲ್ಲಿ ಬಳ್ದೆ?"

"ಹನ್ನೆರಡು ಗಂಟೆಗೆ."

"ನಿಮ್ಮಪ್ಪ ಇದ್ದಿದ್ರೆ ಕುಂಚದಲ್ಲೇ ಕೊಡೋನು ಎರಡು" ಎಂದಳು. "ಸುಣ್ಣ ನಿಧಾನವಾಗಿ ಒಣಗ್ಬೇಕು ಕಣವ್ವ. ತಣ್ಣಗಿರೋ ನೆಲದ ಮ್ಯಾಲೆ, ಒದ್ದೆ ಇರೋವಾಗ ಬಳೀಬೇಕು. ನಾವು ಐದು ಗಂಟೆಗೆಲ್ಲಾ ಮ್ಯಾಲೆ ಹತ್ತಿ, ಬಿಸ್ಲು ಏರೋವಷ್ಟ್ರಲ್ಲಿ ಇಳ್ದುಬಿಡ್ತಿದ್ವಿ. ಆಮೇಲೆ ಗೋಡೆ, ನೆರಳಿರೋ ಕಡೆ. ಮಧ್ಯಾಹ್ನ ಮಲ್ಗೋದು, ಸಂಜೆ ಇನ್ನೊಂದ್ ಕೈ. ನಿಮ್ಮಪ್ಪ ಮನೇಗೆ ಬರ್ತಿದ್ದಿದ್ದು ಯಾಕೆ ಅನ್ಕೊಂಡೆ?"

ಯಾಕೆ ಅಂದುಕೊಂಡಿದ್ದೆ ಎಂದು ನಾನು ಹೇಳಲಿಲ್ಲ ಅಪ್ಪ. ನಿನಗೆ ಹೇಳುತ್ತಿದ್ದೇನೆ. ಸೋಮಾರಿ ಅಂದುಕೊಂಡಿದ್ದೆ. ನಾನು ಏಳುವ ಮೊದಲೇ ನೀನು ಒಂದು ತಾರಸಿ ಮುಗಿಸಿರುತ್ತಿದ್ದೆ ಎನ್ನುವುದು ನಲವತ್ತೇಳನೇ ವಯಸ್ಸಿನಲ್ಲಿ ನನಗೆ ತಿಳಿಯಿತು. ಅವಳ ಮನೆ ಬಾಗಿಲಲ್ಲೇ ಕೂತು ಅತ್ತುಬಿಟ್ಟೆ. ಅವಳು ಒಂದು ಲೋಟ ನೀರು ತಂದುಕೊಟ್ಟಳು.

ಮಾರನೇ ದಿನ ಚಿಕ್ಕತಾಯಮ್ಮ ತಾನೇ ನನ್ನ ಜೊತೆ ಆಟೋ ಹತ್ತಿ ಕಲಾಸಿಪಾಳ್ಯಕ್ಕೆ ಬಂದಳು. ಪುಡಿ ಬೇಡ, ಸುಟ್ಟ ಸುಣ್ಣದ ಕಲ್ಲೇ ಬೇಕು ಎಂದು ಅಂಗಡಿಯವನ ಜೊತೆ ಜಗಳವಾಡಿ, ಒಂದೊಂದನ್ನೂ ಮುಟ್ಟಿ ಆರಿಸಿದಳು. ಮನೆಗೆ ತಂದು ಡ್ರಮ್ಮಿನ ನೀರಿಗೆ ಹಾಕಿದಾಗ ಅದು ಕೊತಕೊತ ಕುದಿಯುವುದನ್ನು ನಾನು ಮೊದಲನೇ ಸಲ ನೋಡಿದೆ. ಹೆದರಿ ಎರಡು ಹೆಜ್ಜೆ ಹಿಂದೆ ಹೋದೆ. ಒಂದು ವಾರ ನೆನೆಯಿತು. ಅಷ್ಟರಲ್ಲಿ ನಾನು ದಿನಾ ಬೆಳಗ್ಗೆ ಕಚೇರಿಗೆ ಹೊರಡುವ ಮುಂಚೆ ತಾರಸಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಪಾಚಿ ತೆಗೆದೆ.

ಎರಡು ದಿನ ರಜೆ ಹಾಕಿದೆ. ಬೆಳಗಿನ ಐದು ಗಂಟೆಗೆ ತಾರಸಿಗೆ ನೀರು ಚೆಲ್ಲಿ, ಅಮ್ಮನ ಹಳೇ ಸೀರೆಯಲ್ಲಿ ಸೋಸಿದ ಸುಣ್ಣಕ್ಕೆ ಗಂಜಿ ಮತ್ತು ಉಪ್ಪು ಬೆರೆಸಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಂಡು ಶುರು ಮಾಡಿದೆ. ಚಿಕ್ಕತಾಯಮ್ಮ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. "ಅಷ್ಟ್ ದಪ್ಪ ಬೇಡ. ಕಾಣ್ದೇ ಇದ್ರೂ ಪರವಾಗಿಲ್ಲ, ಒಣಗಿದ್ ಮೇಲೆ ಬಿಳಿ ಬರತ್ತೆ. ಅವಸರ ಪಡ್ಬೇಡ" ಎಂದು ಒಂದೇ ಸಮನೆ ಹೇಳುತ್ತಿದ್ದಳು. ನಿಜ, ಬಳಿದಾಗ ಬರೀ ನೀರು ಹಚ್ಚಿದಂತಿತ್ತು. ಎಂಟು ಗಂಟೆಗೆ ಕಣ್ಣು ಬಿಡಲಾಗದಷ್ಟು ಬೆಳ್ಳಗಾಯಿತು. ಮೊದಲ ದಿನ ಬೆಳಗ್ಗೆ ಒಂದು ಕೈ, ಸಂಜೆ ಒಂದು ಕೈ, ಮಾರನೇ ಬೆಳಗ್ಗೆ ಮೂರನೆಯದು. ಬೆನ್ನು ಬಿದ್ದುಹೋಗಿತ್ತು. ಇದನ್ನೇ ನೀನು ಮೂವತ್ತು ವರ್ಷ ಮಾಡಿದೆ, ಅದೂ ದೊಡ್ಡ ದೊಡ್ಡ ತಾರಸಿಗಳಿಗೆ. ಮಧ್ಯಾಹ್ನ ನಾನೂ ನಡುಮನೆಯ ನೆಲದ ಮೇಲೆ ಮಲಗಿದೆ, ನಾಲ್ಕು ಗಂಟೆಯವರೆಗೆ ಎಚ್ಚರವಾಗಲಿಲ್ಲ.

ಯುಗಾದಿಯ ಹಿಂದಿನ ಸಂಜೆ ಅಮ್ಮ ಬಂದಳು. ವಾಕರ್ ಹಿಡಿದು ಹೊಸಿಲು ದಾಟಿ, ಮಂಚ ಜಾಗ ಬದಲಾಗಿದ್ದಕ್ಕೆ ಬೈದಳು, ಮಡಕೆಯ ನೀರು ಕುಡಿದಳು. ಸುಣ್ಣ ಬಳಿದೆ ಎಂದೆ. ಅವಳು ಮೇಲೆ ಹತ್ತಿ ನೋಡುವ ಹಾಗಿರಲಿಲ್ಲ. ಸೂರಿನ ಕಡೆ ನೋಡಿ, "ನೋಡೋಣ" ಎಂದಳು. ತಂದಿದ್ದ ಬಟ್ಟೆಯ ಬ್ಯಾಗನ್ನು ಬಿಚ್ಚಲು ಬಿಡಲಿಲ್ಲ. ಭಾನುವಾರ ಆಗಲಿ ಎಂದು ಮಂಚದ ಕೆಳಗೇ ಇಡಿಸಿದಳು.

ಭಾನುವಾರ ರವಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಉಂಡು, ಒಂದು ಗಂಟೆಗೆ ಅಮ್ಮನ ಮಂಚದ ಪಕ್ಕ ಚಾಪೆ ಹಾಸಿಕೊಂಡು ಕೂತ. ಹೊರಗೆ ಎಷ್ಟು ಬಿಸಿಲಿದೆ ಎಂದು ಫೋನಿನಲ್ಲಿ ತೋರಿಸಿದ, ಗೋಡೆಗೆ ಕೈಯಿಟ್ಟು ನೋಡಿದ, ಎದ್ದು ನಿಂತು ಸೂರಿನ ಹತ್ತಿರ ಅಂಗೈ ಎತ್ತಿ ಹಿಡಿದ. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ನಾನು ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಾ ನಿಂತಿದ್ದೆ. ಎರಡೂವರೆಯ ಹೊತ್ತಿಗೆ ಕೋಣೆಯಲ್ಲಿ ಮಾತು ನಿಂತಿತು. ಹೋಗಿ ಬಗ್ಗಿ ನೋಡಿದೆ. ರವಿ ಚಾಪೆಯ ಮೇಲೆ ಮುದುರಿಕೊಂಡು ಗೊರಕೆ ಹೊಡೆಯುತ್ತಿದ್ದ. ಅಮ್ಮ ಎಚ್ಚರವಾಗಿದ್ದಳು. ಸದ್ದು ಮಾಡಬೇಡ ಎಂದು ಬಾಯಿಯ ಮೇಲೆ ಬೆರಳಿಟ್ಟು, ಹತ್ತಿರ ಕರೆದಳು.

"ಮಂಜಿ, ಫ್ಯಾನ್ ಒಂದು ಪಾಯಿಂಟ್ ಕಮ್ಮಿ ಮಾಡೆ. ಅವ್ನಿಗೆ ಥಂಡಿ ಆಗತ್ತೆ."

ಕಮ್ಮಿ ಮಾಡಿದೆ ಅಪ್ಪ. ಆಮೇಲೆ ಮಂಚದ ಕೆಳಗಿನಿಂದ ಬ್ಯಾಗ್ ಎಳೆದು, ಅವಳ ಸೀರೆಗಳನ್ನೆಲ್ಲ ತೆಗೆದು ಬೀರುವಿನಲ್ಲಿಟ್ಟೆ.

ಮಂಜಿ